ಕೀಬೋರ್ಡ್ ಕೈಕೊಟ್ಟರೆ ಮೊದಲು ಏನು ನೋಡಬೇಕು: ಮಲೆನಾಡಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರುವಾಗಿ ಎರಡು ವಾರ ಕಳೆದರೆ ಸಾಕು, ನನಗೆ ಬರುವ ಫೋನುಗಳೆಲ್ಲ ಒಂದೇ ಥರ ಇರುತ್ತವೆ. "ಕೀಬೋರ್ಡ್ ಹೋಗಿತ್ತು, ಶಿವಮೊಗ್ಗಕ್ಕೆ ಬಂದು ಹೊಸದು ತಗೊಂಡು ಹೋದೆ, ಅದೂ ಓಡ್ತಾ ಇಲ್ಲ ಮಾರಾಯ್ರೇ." ಹೊಸನಗರದಿಂದಲೋ ತೀರ್ಥಹಳ್ಳಿಯಿಂದಲೋ ಬಸ್ಸು ಹತ್ತಿ, ನೆಹರೂ ರಸ್ತೆ, ದುರ್ಗಿಗುಡಿ ಸುತ್ತಿ, ಒಂದಿಡೀ ದಿನ ಕಳೆದು ತಂದ ಕೀಬೋರ್ಡು ಅದು. ಹಳೆಯದು ಕೆಟ್ಟೇ ಇರಲಿಲ್ಲ. ತೊಂದರೆ ಬೇರೆ ಕಡೆ ಇತ್ತು.

ಎಲ್ಲರೂ ಎಡವುವುದು ಇಲ್ಲೇ. ತೊಂದರೆ ಎಲ್ಲಿದೆ ಅಂತ ತಿಳಿಯುವ ಮೊದಲೇ ರಿಪೇರಿ ಶುರು ಮಾಡುತ್ತೇವೆ. ತೊಂದರೆ ಇರಬಹುದಾದ ಜಾಗ ಮೂರೇ ಮೂರು. ಒಂದು, ಸಾಧನ: ಕೀಬೋರ್ಡ್, ಮೌಸ್, ಪ್ರಿಂಟರ್. ಎರಡು, ದಾರಿ: ಕೇಬಲ್, ಪೋರ್ಟ್, ಹಬ್ (ಒಂದು ಪೋರ್ಟನ್ನು ಹಲವಾಗಿ ಮಾಡುವ ಡಬ್ಬಿ), ವೈರ್‌ಲೆಸ್ ಆದರೆ ಡಾಂಗಲ್ (ಪೋರ್ಟಿಗೆ ಸಿಕ್ಕಿಸುವ ಸಣ್ಣ ರಿಸೀವರ್). ಮೂರು, ಕಂಪ್ಯೂಟರ್: ಅಂದರೆ ವಿಂಡೋಸ್ ಮತ್ತು ಅದರ ಸೆಟ್ಟಿಂಗು. ಕೆಳಗಿನ ಹಂತಗಳನ್ನು ಈ ಮೂರರಲ್ಲಿ ಯಾವುದು ಅಂತ ಹಿಡಿಯುವ ಹಾಗೆ ಜೋಡಿಸಿದ್ದೇನೆ. ದಯವಿಟ್ಟು ಹಂತ ಹಾರಿಸಬೇಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಪೋರ್ಟ್ ಬದಲಿಸಿ, ಕೇಬಲ್ ಬದಲಿಸಿ, ಡ್ರೈವರ್ (ಸಾಧನವನ್ನು ವಿಂಡೋಸಿಗೆ ಪರಿಚಯಿಸುವ ತಂತ್ರಾಂಶ) ತೆಗೆದು, ರೀಸ್ಟಾರ್ಟ್ ಮಾಡಿ, ಎಲ್ಲ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಮತ್ತೆ ಅದೇ ಪಾಡು.

ಹತ್ತಿರ ಇಟ್ಟುಕೊಳ್ಳಬೇಕಾದ್ದು

ದೊಡ್ಡ ಸಾಮಾನೇನೂ ಬೇಡ. ಟಾರ್ಚ್, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಮೆತ್ತನೆಯ ಪೇಂಟ್ ಬ್ರಷ್ಷು, ಕಿವಿಗೆ ಹಾಕುವ ಹತ್ತಿಕಡ್ಡಿ, ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಸಣ್ಣ ಬಾಟಲಿ. ಬಾಟಲಿ ಮೇಲೆ 99 ಶೇಕಡಾ ಅಂತ ಇರುವುದನ್ನೇ ತನ್ನಿ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಬೇಡ, ಅದರಲ್ಲಿ ನೀರೂ ಅಂಟೂ ಇರುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದ್ದು ಎರಡು. ಸರಿಯಾಗಿ ಓಡುತ್ತದೆ ಅಂತ ಖಾತ್ರಿ ಇರುವ ಒಂದು ಹಳೆಯ ಯುಎಸ್‌ಬಿ ಮೌಸ್. ಇನ್ನೊಂದು, ಯುಎಸ್‌ಬಿ ಕೀಬೋರ್ಡನ್ನೋ ಮೌಸನ್ನೋ ಮೊಬೈಲಿಗೆ ಸಿಕ್ಕಿಸಲು ಬೇಕಾದ ಒಟಿಜಿ ಅಡಾಪ್ಟರ್. ಪಕ್ಕದ ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಇರುವುದಿಲ್ಲ, ಪಕ್ಕದ ಮನೆಯೇ ಅರ್ಧ ಮೈಲಿ ದೂರ ಇರುತ್ತದೆ. ಅಂಥ ಕಡೆ ಈ ಅಡಾಪ್ಟರ್ ಮಾಡುವ ಉಪಕಾರ ದೊಡ್ಡದು.

ಹಂತ 1: ಪ್ಲಗ್ ಹಾಕುವ ಮೊದಲು ನೋಡಿ, ಮೂಸಿ

ಕಂಪ್ಯೂಟರ್ ಆಫ್ ಮಾಡಿ, ಗೋಡೆಯ ಪ್ಲಗ್ ಕಿತ್ತು, ಟಾರ್ಚ್ ಹಿಡಿದು ಯುಎಸ್‌ಬಿ ಪೋರ್ಟಿನ ಒಳಗೆ ನೋಡಿ. ಒಳಗಿನ ಸಣ್ಣ ತಗಡುಗಳು ಹೊಳೆಯುತ್ತಿರಬೇಕು. ಹಸಿರೋ ಬಿಳಿಯೋ ಪುಡಿ ಕೂತಿದ್ದರೆ ಅದು ತೇವಕ್ಕೆ ಹಿಡಿದ ಕಿಲುಬು. ಎಷ್ಟೋ ದಿನ ಬಳಸದ ಪೋರ್ಟಿನಲ್ಲಿ ಕುಂಬಾರ ಹುಳ ಮಣ್ಣು ಮೆತ್ತಿ ಗೂಡು ಕಟ್ಟಿರುವುದನ್ನು ನಾನೇ ನೋಡಿದ್ದೇನೆ. ಅದರ ಮೇಲೆ ಪಿನ್ನು ಒತ್ತಿ ತುರುಕಿದರೆ ಒಳಗಿನ ನಾಲಗೆ ಮುರಿಯುತ್ತದೆ. ಮಣ್ಣನ್ನು ಮರದ ಟೂತ್‌ಪಿಕ್‌ನಿಂದ ನಿಧಾನ ಉದುರಿಸಿ. ಸೂಜಿ, ಪಿನ್ನು, ಚಾಕು ಯಾವುದೂ ಬೇಡ.

ಕೆಳಗಿನ ಯಾವುದಾದರೂ ಕಂಡರೆ ಅಲ್ಲಿಗೇ ನಿಲ್ಲಿಸಿ:
- ಸುಟ್ಟ ವಾಸನೆ, ಅಥವಾ ಪ್ಲಾಸ್ಟಿಕ್ ಕರಗಿದ ಗುರುತು.
- ಕೀಬೋರ್ಡ್ ಹಾಕಿದ ಕೂಡಲೇ ಕಂಪ್ಯೂಟರ್ ಆಫ್ ಆಗುವುದು. ಒಳಗೆಲ್ಲೋ ಶಾರ್ಟ್ ಆಗಿದೆ. ಅದನ್ನು ಇನ್ನೊಂದು ಪೋರ್ಟಿಗೆ ಹಾಕಿ ನೋಡುವ ಸಾಹಸ ಬೇಡ.
- ಸಿಪಿಯು ಡಬ್ಬ ಮುಟ್ಟಿದರೆ ಜುಂ ಅನ್ನುವುದು.

ಈ ಕೊನೆಯದನ್ನು ಬಹಳ ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಹಳೆಯ ಮನೆಗಳಲ್ಲಿ ಅರ್ತಿಂಗ್ ಇರುವುದಿಲ್ಲ, ಇದ್ದರೂ ತಂತಿ ತುಂಡಾಗಿರುತ್ತದೆ. ಅರ್ತಿಂಗ್ ಇಲ್ಲದಿದ್ದರೆ ಪವರ್ ಸಪ್ಲೈಯಿಂದ ಸೋರುವ ಸಣ್ಣ ಕರೆಂಟು ಡಬ್ಬದ ಮೈಮೇಲೆ ಬಂದು ನಿಲ್ಲುತ್ತದೆ. ಮೌಸ್ ಕರ್ಸರ್ ಸುಮ್ನೆ ಕುಣಿಯುವುದು, ಸ್ಪೀಕರ್ ಗುಂಯ್ಗುಡುವುದು, ಇವೂ ಎಷ್ಟೋ ಸಲ ಅದರಿಂದಲೇ. ಮೊದಲು ಎಲೆಕ್ಟ್ರಿಷಿಯನ್ ಕರೆಸಿ, ಆಮೇಲೆ ಕಂಪ್ಯೂಟರ್ ನೋಡೋಣ.

ಹಂತ 2: ರೀಸ್ಟಾರ್ಟ್ ಮಾಡಿ, ಶಟ್‌ಡೌನ್ ಅಲ್ಲ

"ಆಫ್ ಮಾಡಿ ಆನ್ ಮಾಡಿದೆ, ಆದ್ರೂ ಸರಿಯಾಗಿಲ್ಲ" ಅನ್ನುವವರಿಗೆ ಇದು ಗೊತ್ತಿರುವುದಿಲ್ಲ. ವಿಂಡೋಸ್ 10 ಮತ್ತು 11ರಲ್ಲಿ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ಸೌಲಭ್ಯ ಇದೆ. ಅದು ಆನ್ ಇದ್ದರೆ ಶಟ್‌ಡೌನ್ ಕೊಟ್ಟಾಗ ಕಂಪ್ಯೂಟರ್ ಪೂರ್ತಿ ಮುಚ್ಚುವುದಿಲ್ಲ. ಒಳಗಿನ ಸ್ಥಿತಿಯ ಒಂದು ಭಾಗವನ್ನು ಡಿಸ್ಕಿಗೆ ಬರೆದಿಟ್ಟುಕೊಂಡು ಮಲಗುತ್ತದೆ, ಮರುದಿನ ಅದನ್ನೇ ಎತ್ತಿಕೊಂಡು ಏಳುತ್ತದೆ. ಗೊಂದಲದಲ್ಲಿದ್ದ ಡ್ರೈವರ್ ಮರುದಿನವೂ ಗೊಂದಲದಲ್ಲೇ ಇರುತ್ತದೆ. ರೀಸ್ಟಾರ್ಟ್ ಕೊಟ್ಟರೆ ಮಾತ್ರ ಎಲ್ಲ ಹೊಸದಾಗಿ ಶುರುವಾಗುತ್ತದೆ.

ಮೌಸ್ ಓಡುತ್ತಿದ್ದರೆ ಅದರಿಂದಲೇ ರೀಸ್ಟಾರ್ಟ್ ಒತ್ತಿ. ಎರಡೂ ಸತ್ತಿದ್ದರೆ ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿದು ಆಫ್ ಮಾಡಿ, ಪ್ಲಗ್ ಕಿತ್ತು, ಒಂದು ನಿಮಿಷ ಬಿಟ್ಟು ಹಾಕಿ.

ಹಂತ 3: ದಾರಿ ಸರಿಯಿದೆಯಾ?

ಹಬ್, ಎಕ್ಸ್‌ಟೆನ್ಶನ್ ಕೇಬಲ್, ಮಾನಿಟರಿನ ಪಕ್ಕದ ಪೋರ್ಟ್ ಎಲ್ಲ ಬಿಡಿ. ಕೀಬೋರ್ಡನ್ನು ನೇರ ಕಂಪ್ಯೂಟರಿಗೇ ಹಾಕಿ. ಡೆಸ್ಕ್‌ಟಾಪ್ ಆದರೆ ಹಿಂಭಾಗದ ಪೋರ್ಟಿಗೆ ಹಾಕಿ, ಅದು ಮದರ್‌ಬೋರ್ಡಿನ ಮೇಲೇ ಬೆಸುಗೆಯಾಗಿರುತ್ತದೆ. ಮುಂದಿನ ಪೋರ್ಟುಗಳಿಗೆ ಡಬ್ಬದ ಒಳಗೆ ಒಂದು ವೈರ್ ಓಡಿರುತ್ತದೆ, ಅದು ಸಡಿಲವಾಗುವುದು ಜಾಸ್ತಿ.

ಹಬ್ ಬಗ್ಗೆ ಒಂದು ಮಾತು. ಯುಎಸ್‌ಬಿ 2.0 ಪೋರ್ಟ್ 500 ಮಿಲಿಆಂಪ್ ಕೊಡುತ್ತದೆ, 3.0 ಪೋರ್ಟ್ 900. ಸ್ವಂತ ಅಡಾಪ್ಟರ್ ಇಲ್ಲದ ಹಬ್ಬಿಗೆ ಕೀಬೋರ್ಡ್, ಮೌಸ್, ಬೆರಳಚ್ಚು ಯಂತ್ರ, ಹಾರ್ಡ್‌ಡಿಸ್ಕ್ ಎಲ್ಲ ಸಿಕ್ಕಿಸಿದರೆ ಆ ಒಂದು ಪೋರ್ಟಿನ ಕರೆಂಟನ್ನೇ ಎಲ್ಲ ಹಂಚಿಕೊಳ್ಳಬೇಕು. ಆಗ ಒಂದು ಬದುಕುತ್ತದೆ, ಒಂದು ಸಾಯುತ್ತದೆ. ಪಹಣಿ, ಆಧಾರ್ ಕೆಲಸ ಮಾಡುವ ಸೈಬರುಗಳಲ್ಲಿ "ಬೆರಳಚ್ಚು ಮಿಷನ್ ಆಗಾಗ ಹೋಗುತ್ತೆ" ಅನ್ನುವ ದೂರಿಗೆ ಎಷ್ಟೋ ಸಲ ಇದೇ ಕಾರಣ. ಯಂತ್ರವನ್ನು ನೇರ ಹಾಕಿ, ಮೌಸನ್ನು ಹಬ್ಬಿಗೆ ಕಳಿಸಿ.

ಉದ್ದದ ಲೆಕ್ಕವೂ ಇದೆ. ಯುಎಸ್‌ಬಿ 2.0 ಕೇಬಲ್ಲಿಗೆ ಐದು ಮೀಟರ್ ಮಿತಿ. ಚಾವಡಿಯಲ್ಲಿ ಕಂಪ್ಯೂಟರ್, ಒಳಕೋಣೆಯಲ್ಲಿ ಪ್ರಿಂಟರ್ ಇಟ್ಟು ಎರಡು ಕೇಬಲ್ ಜೋಡಿಸಿ ಎಳೆದರೆ ಅದು ಇವತ್ತು ಓಡೀತು, ನಾಳೆ ಓಡಲಿಕ್ಕಿಲ್ಲ.

ನೇರಳೆ, ಹಸಿರು ಬಣ್ಣದ ದುಂಡು ಪಿನ್ನಿನ ಹಳೆಯ ಕೀಬೋರ್ಡ್, ಮೌಸ್ ಇನ್ನೂ ಇದ್ದರೆ ಗಮನಿಸಿ. ನೇರಳೆ ಕೀಬೋರ್ಡಿಗೆ, ಹಸಿರು ಮೌಸಿಗೆ. ಕಂಪ್ಯೂಟರ್ ಆಫ್ ಮಾಡಿಯೇ ಸಿಕ್ಕಿಸಬೇಕು. ಓಡುತ್ತಿರುವಾಗ ಹಾಕಿದರೆ ಗುರುತಿಸುವುದೂ ಇಲ್ಲ, ಪೋರ್ಟಿಗೆ ಏಟು ಬೀಳುವ ಅಪಾಯವೂ ಇದೆ.

ಹಂತ 4: ತೀರ್ಮಾನದ ಎರಡು ಪರೀಕ್ಷೆ

ಇಡೀ ಮಾರ್ಗದರ್ಶಿಯಲ್ಲಿ ಇದೊಂದನ್ನು ಮಾತ್ರ ನೆನಪಿಟ್ಟರೂ ನಿಮ್ಮ ಒಂದು ಬಸ್ ಪ್ರಯಾಣ ಉಳಿಯುತ್ತದೆ.

ಮೊದಲ ಪರೀಕ್ಷೆ: ಕೀಬೋರ್ಡನ್ನು ಒಟಿಜಿ ಅಡಾಪ್ಟರ್ ಮೂಲಕ ಮೊಬೈಲಿಗೆ ಹಾಕಿ. ಆಂಡ್ರಾಯ್ಡ್ ಫೋನಿಗೆ ಡ್ರೈವರ್ ಏನೂ ಬೇಡ. ನೋಟ್ಸ್ ಅಥವಾ ಮೆಸೇಜ್ ತೆರೆದು ಪ್ರತಿ ಕೀ ಒತ್ತುತ್ತಾ ಹೋಗಿ. ಎಲ್ಲ ಅಕ್ಷರ ಬಂದರೆ ಕೀಬೋರ್ಡ್ ಗಟ್ಟಿಯಿದೆ, ತೊಂದರೆ ಕಂಪ್ಯೂಟರಿನದು. ಏನೂ ಬರದಿದ್ದರೆ ಅದೇ ಅಡಾಪ್ಟರಿಗೆ ಆ ಖಾತ್ರಿಯ ಮೌಸ್ ಹಾಕಿ ನೋಡಿ. ಕೆಲವು ಫೋನಿನಲ್ಲಿ ಒಟಿಜಿಯನ್ನು ಸೆಟ್ಟಿಂಗಿನಲ್ಲಿ ಆನ್ ಮಾಡಬೇಕಾಗುತ್ತದೆ, ಮೌಸೂ ಓಡದಿದ್ದರೆ ತಪ್ಪು ಅಡಾಪ್ಟರಿನದೋ ಫೋನಿನದೋ ಇರುತ್ತದೆ, ಕೀಬೋರ್ಡ್ ಕೆಟ್ಟಿದೆ ಅಂತ ಆಗಲೇ ತೀರ್ಮಾನಿಸಬೇಡಿ.

ಎರಡನೇ ಪರೀಕ್ಷೆ: ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಯನ್ನು ಮತ್ತೆ ಮತ್ತೆ ಒತ್ತಿ. ಕೆಲವು ಕಂಪನಿಯವಕ್ಕೆ ಎಫ್10 ಅಥವಾ ಎಸ್ಕೇಪ್. ಬಯಾಸ್ ಪರದೆ (ಕಂಪ್ಯೂಟರಿನ ಮೂಲ ಸೆಟ್ಟಿಂಗಿನ ಪುಟ) ಬಂತು, ಬಾಣದ ಕೀ ಒತ್ತಿದರೆ ಗೆರೆ ಮೇಲೆ ಕೆಳಗೆ ಓಡಾಡಿತು ಅಂದರೆ ಕೀಬೋರ್ಡೂ ಸರಿ, ಪೋರ್ಟೂ ಸರಿ. ಯಾಕೆಂದರೆ ಅಲ್ಲಿ ವಿಂಡೋಸ್ ಇನ್ನೂ ಬಂದೇ ಇರುವುದಿಲ್ಲ. ಏನನ್ನೂ ಬದಲಿಸದೆ, ಸೇವ್ ಮಾಡದೆ ಹೊರಬನ್ನಿ. ಬ್ಲೂಟೂತ್ ಕೀಬೋರ್ಡಿಗೆ ಈ ಪರೀಕ್ಷೆ ಸಾಮಾನ್ಯವಾಗಿ ನಡೆಯುವುದಿಲ್ಲ.

ಕೀಬೋರ್ಡ್ ಸರಿ ಅಂತ ಬಂದರೆ ಹಂತ 5. ಕೆಟ್ಟಿದೆ ಅಂತ ಬಂದರೆ ನೇರ ಹಂತ 6.

ಹಂತ 5: ಕಂಪ್ಯೂಟರಿನ ಒಳಗಿನ ತೊಂದರೆ

ಡ್ರೈವರ್‌ಗೆ ಕೈಹಾಕುವ ಮೊದಲು ಸಣ್ಣ ವಿಷಯಗಳನ್ನು ಮುಗಿಸಿ. ವಿಂಡೋಸ್ ಕೀ, ಕಂಟ್ರೋಲ್, ಓ ಮೂರೂ ಒಟ್ಟಿಗೆ ಒತ್ತಿದರೆ ಪರದೆಯ ಮೇಲೆ ಕೀಬೋರ್ಡ್ ಬರುತ್ತದೆ. ಕೀಬೋರ್ಡ್ ಪೂರ್ತಿ ಸತ್ತಿದ್ದರೆ ಮೌಸಿನಿಂದ ಸೆಟ್ಟಿಂಗಿನ ಆಕ್ಸೆಸಿಬಿಲಿಟಿಗೆ ಹೋಗಿ ತೆರೆಯಬಹುದು, ವಿಂಡೋಸ್ 10ರಲ್ಲಿ ಅದರ ಹೆಸರು ಈಸ್ ಆಫ್ ಆಕ್ಸೆಸ್. ಈಗ ನಿಮ್ಮ ಕೀಬೋರ್ಡಿನ ಒಂದೊಂದೇ ಕೀ ಒತ್ತಿ. ಒತ್ತಿದ್ದು ಪರದೆಯಲ್ಲಿ ಬಣ್ಣ ಬದಲಿಸಬೇಕು. ಒತ್ತದೆಯೇ ಶಿಫ್ಟೋ ಕಂಟ್ರೋಲೋ ಬಣ್ಣ ಬದಲಿಸಿ ಕೂತಿದ್ದರೆ ಆ ಕೀ ಅಂಟಿಕೊಂಡಿದೆ ಅಂತ ಅರ್ಥ. ಕಂಟ್ರೋಲ್ ಅಂಟಿಕೊಂಡರೆ ಟೈಪ್ ಮಾಡಿದ ಅಕ್ಷರವೇ ಬರುವುದಿಲ್ಲ, ಬದಲಿಗೆ ಏನೇನೋ ತೆರೆಯುತ್ತದೆ. ಜನ ಅದನ್ನು ವೈರಸ್ ಅಂದುಕೊಂಡು ಗಾಬರಿಯಾಗುತ್ತಾರೆ.

ಕೀ ತಡವಾಗಿ ಬರುತ್ತಿದೆಯಾ, ಒತ್ತಿ ಹಿಡಿದರೆ ಮಾತ್ರ ಬರುತ್ತಿದೆಯಾ? ಅದು ಫಿಲ್ಟರ್ ಕೀಸ್. ಬಲಗಡೆಯ ಶಿಫ್ಟನ್ನು ಎಂಟು ಸೆಕೆಂಡ್ ಒತ್ತಿ ಹಿಡಿದರೆ ಅದು ಆನ್ ಆಗುತ್ತದೆ. ಮಗು ಕೈ ಇಟ್ಟರೂ ಆಯಿತು, ಪುಸ್ತಕದ ಮೂಲೆ ತಾಗಿದರೂ ಆಯಿತು. ಶಿಫ್ಟನ್ನು ಐದು ಸಲ ಒತ್ತಿದರೆ ಸ್ಟಿಕಿ ಕೀಸ್. ಎರಡನ್ನೂ ಅದೇ ಸೆಟ್ಟಿಂಗಿನಲ್ಲಿ ಆಫ್ ಮಾಡಿ, ಕೀ ಒತ್ತಿ ಆನ್ ಮಾಡುವ ಶಾರ್ಟ್‌ಕಟ್ಟನ್ನೂ ತೆಗೆದುಬಿಡಿ.

ಒಂದು ಒತ್ತಿದರೆ ಇನ್ನೊಂದು ಬರುತ್ತಿದ್ದರೆ ಭಾಷೆಯ ಸೆಟ್ಟಿಂಗ್ ನೋಡಿ. ಶಿಫ್ಟ್ ಹಿಡಿದು 2 ಒತ್ತಿದಾಗ ಇಮೇಲ್ ವಿಳಾಸದ ಅಟ್ ಗುರುತಿನ ಬದಲು ಉದ್ಧರಣ ಚಿಹ್ನೆ ಬಂದರೆ ಇಂಗ್ಲೆಂಡಿನ ಕೀಬೋರ್ಡ್ ವಿನ್ಯಾಸ ಕೂತಿದೆ. ವಿಂಡೋಸ್ ಕೀ ಹಿಡಿದು ಸ್ಪೇಸ್ ಒತ್ತಿದರೆ ವಿನ್ಯಾಸ ಬದಲಾಗುತ್ತದೆ. ಬೇಡದ್ದನ್ನು ಭಾಷೆಯ ಪಟ್ಟಿಯಿಂದ ತೆಗೆಯಿರಿ. ಕನ್ನಡ ಟೈಪ್ ಮಾಡುವವರು ಇನ್ನೊಂದನ್ನು ನೋಡಬೇಕು: ನುಡಿ, ಬರಹದಂಥ ತಂತ್ರಾಂಶ ಹಿಂದೆ ಓಡುತ್ತಿದ್ದು, ಅದರ ಜತೆಗೆ ವಿಂಡೋಸಿನ ಕನ್ನಡ ಕೀಬೋರ್ಡೂ ಆನ್ ಇದ್ದರೆ ಎರಡೂ ಸೇರಿ ಅಕ್ಷರ ಕಲಸಿಹೋಗುತ್ತದೆ. ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಲ್ಯಾಪ್‌ಟಾಪಿನಲ್ಲಿ ಜೆ, ಕೆ, ಎಲ್ ಒತ್ತಿದರೆ 1, 2, 3 ಬರುತ್ತಿದ್ದರೆ ನಮ್ ಲಾಕ್ ಆನ್ ಆಗಿದೆ, ಅಷ್ಟೇ.

ಇಷ್ಟಾದರೂ ಸರಿಹೋಗದಿದ್ದರೆ ಈಗ ಡ್ರೈವರ್. ಸ್ಟಾರ್ಟ್ ಬಟನ್ ಮೇಲೆ ಮೌಸಿನ ಬಲ ಒತ್ತಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ಕೀಬೋರ್ಡ್ಸ್ ಅನ್ನುವುದನ್ನು ಬಿಡಿಸಿ, ನಿಮ್ಮ ಕೀಬೋರ್ಡ್ ಮೇಲೆ ಬಲ ಒತ್ತಿ ಅನ್‌ಇನ್‌ಸ್ಟಾಲ್ ಕೊಡಿ. ಕೇಬಲ್ ಕಿತ್ತು, ರೀಸ್ಟಾರ್ಟ್ ಮಾಡಿ, ಮತ್ತೆ ಹಾಕಿ. ವಿಂಡೋಸ್ ತಾನೇ ಡ್ರೈವರ್ ಹಾಕಿಕೊಳ್ಳುತ್ತದೆ. ಮಾಮೂಲಿ ಕೀಬೋರ್ಡಿಗೆ ಇಂಟರ್ನೆಟ್ಟಿನಿಂದ ಡ್ರೈವರ್ ಇಳಿಸುವ ಅಗತ್ಯವೇ ಇಲ್ಲ. ಡ್ರೈವರ್ ಅಪ್‌ಡೇಟ್ ಮಾಡಿಕೊಡುತ್ತೇವೆ ಅನ್ನುವ ತಂತ್ರಾಂಶಗಳನ್ನು ಹಾಕಲೇಬೇಡಿ, ಹೊಸ ತಲೆನೋವು ಬರುವುದೇ ಅಲ್ಲಿಂದ.

ಒಂದು ಎಚ್ಚರಿಕೆ. ಅನ್‌ಇನ್‌ಸ್ಟಾಲ್ ಮಾಡುವ ಮೊದಲು ಮೌಸ್ ಓಡುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ. ಮೌಸ್ ಮತ್ತು ಕೀಬೋರ್ಡ್ ಎರಡನ್ನೂ ಒಟ್ಟಿಗೆ ತೆಗೆಯಬೇಡಿ.

ಸ್ವಲ್ಪ ಹೊತ್ತು ಬಿಟ್ಟು ಬಂದಾಗ ಮಾತ್ರ ಸಾಯುತ್ತದೆ ಅಂದರೆ ಅದು ಕರೆಂಟ್ ಉಳಿಸುವ ಸೆಟ್ಟಿಂಗ್. ಡಿವೈಸ್ ಮ್ಯಾನೇಜರಿನಲ್ಲೇ ಯುಎಸ್‌ಬಿ ರೂಟ್ ಹಬ್ ತೆರೆದು ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ, ಸಾಧನವನ್ನು ಆಫ್ ಮಾಡಲು ಕಂಪ್ಯೂಟರಿಗೆ ಅನುಮತಿ ಕೊಡುವ ಟಿಕ್ ತೆಗೆಯಿರಿ.

ಹಂತ 6: ತೇವ, ಕಾಫಿ, ಇರುವೆ

ನಮ್ಮ ಕಡೆ ನಿಜವಾಗಿ ಕೀಬೋರ್ಡ್ ಕೊಲ್ಲುವುದು ಇವು. ಜುಲೈಯಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ, ಕೀಬೋರ್ಡ್ ಒಣಗುತ್ತದಾ?

ಮೊದಲು ಲಕ್ಷಣ ಓದಿ. ಒಂದೇ ಕೀ ಸತ್ತಿದ್ದರೆ ಅದರ ಕೆಳಗೆ ಕಸ. ಎಲ್ಲೆಲ್ಲೋ ಇರುವ ನಾಲ್ಕೈದು ಕೀ ಒಂದೇ ದಿನ ಸತ್ತಿದ್ದರೆ ಒಳಗಿನ ಹಾಳೆಯಲ್ಲಿ ಒಂದು ಗೆರೆ ತುಂಡಾಗಿದೆ. ಮಾಮೂಲಿ ಕೀಬೋರ್ಡಿನ ಒಳಗೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಗಳಿರುತ್ತವೆ, ಒಂದೊಂದು ಗೆರೆಗೆ ಹಲವು ಕೀಗಳು ಸೇರಿರುತ್ತವೆ, ಹಾಗಾಗಿ ಗೆರೆ ಹೋದರೆ ಅವೆಲ್ಲ ಒಟ್ಟಿಗೆ ಹೋಗುತ್ತವೆ. ಬೆಳಿಗ್ಗೆ ಒಂದೇ ಅಕ್ಷರ ಸಾಲುಗಟ್ಟಿ ಬರುತ್ತಾ, ಮಧ್ಯಾಹ್ನದ ಹೊತ್ತಿಗೆ ತಾನೇ ಸರಿಹೋದರೆ ಅದು ತೇವ.

ಕಾಫಿ ಚೆಲ್ಲಿದರೆ ಆ ಕ್ಷಣ ಕೇಬಲ್ ಕಿತ್ತು ಕೀಬೋರ್ಡನ್ನು ಬೋರಲು ಹಾಕಿ. ಒರೆಸುವುದು ಆಮೇಲೆ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು, ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಗುಡಾರದ ಹಾಗೆ ಬೋರಲು ನಿಲ್ಲಿಸಿ. ಅದನ್ನು ನೀವು ಬಿಚ್ಚಬೇಡಿ, ರಿಪೇರಿಯವರ ಹತ್ತಿರ ಒಯ್ಯುವವರೆಗೂ ಆನ್ ಮಾಡಿ ನೋಡಬೇಡಿ. ಸಕ್ಕರೆ ಹಾಕಿದ ಕಾಫಿ ನೀರಿಗಿಂತ ಕೆಟ್ಟದ್ದು. ನೀರು ಆರುತ್ತದೆ, ಸಕ್ಕರೆ ಅಂಟಾಗಿ ಉಳಿಯುತ್ತದೆ, ಅದಕ್ಕೆ ಇರುವೆ ಬರುತ್ತವೆ.

ಬಿಡಿ ಕೀಬೋರ್ಡನ್ನು ತೆರೆಯುವುದು ಕಷ್ಟವಲ್ಲ. ಮೊದಲು ಮೇಲಿನಿಂದ ಒಂದು ಫೋಟೋ ತೆಗೆದುಕೊಳ್ಳಿ, ಕೀ ಜೋಡಿಸುವಾಗ ಬೇಕು. ಬೆನ್ನಿನ ಸ್ಕ್ರೂ ಬಿಚ್ಚಿ. ಸ್ಟಿಕರ್ ಕೆಳಗೆ, ರಬ್ಬರ್ ಕಾಲಿನ ಕೆಳಗೆ ಒಂದು ಸ್ಕ್ರೂ ಅಡಗಿರುತ್ತದೆ, ಅದನ್ನು ಮರೆತು ಎಳೆದು ಮುರಿಯುವವರೇ ಜಾಸ್ತಿ. ಹಾಳೆಗಳನ್ನು ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಮೆಲ್ಲಗೆ ಒರೆಸಿ. ಜೋರಾಗಿ ಉಜ್ಜಿದರೆ ಗೆರೆಯೇ ಎದ್ದು ಬರುತ್ತದೆ. ಗೆರೆ ಕಪ್ಪಾಗಿ ತಿಂದು ಹೋಗಿದ್ದರೆ ಅಲ್ಲಿಗೆ ಬಿಡಿ, ಆ ಕೀಬೋರ್ಡಿನ ಆಯುಸ್ಸು ಮುಗಿದಿದೆ.

ಒಣಗಿಸುವುದರಲ್ಲಿ ಎಲ್ಲರೂ ಅವಸರ ಮಾಡುತ್ತಾರೆ. ಬಚ್ಚಲೊಲೆಯ ಹತ್ತಿರ ಇಟ್ಟರೆ ಪ್ಲಾಸ್ಟಿಕ್ ಸೊಟ್ಟಗಾಗಿ ಕೀಗಳು ಮತ್ತೆ ಕೂರುವುದೇ ಇಲ್ಲ. ಹೇರ್ ಡ್ರೈಯರಿನ ಬಿಸಿ ಗಾಳಿಯೂ ಅಷ್ಟೇ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ಅಕ್ಕಿಯ ಹಿಟ್ಟು ಒಳಗೆ ಸೇರುತ್ತದೆ. ಫ್ಯಾನಿನ ಗಾಳಿಗೆ ಒಂದು ದಿನ ನಿಲ್ಲಿಸಿ, ಆಮೇಲೆ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜತೆ ಎರಡು ದಿನ ಇಡಿ. ಚಪ್ಪಲಿ, ಬ್ಯಾಗಿನ ಡಬ್ಬದಲ್ಲಿ ಬರುವ ಪೊಟ್ಟಣಗಳನ್ನು ಎಸೆಯದೆ ಇಟ್ಟುಕೊಂಡರೆ ಅವೇ ಸಾಕು, ಆದರೆ ಬಂದ ಕೂಡಲೇ ಗಾಳಿಯಾಡದ ಡಬ್ಬದಲ್ಲಿ ಇಟ್ಟಿರಬೇಕು.

ಇರುವೆ ಹೊಕ್ಕಿದ್ದರೆ ಕೇಬಲ್ ಕಿತ್ತು ಅಂಗಳಕ್ಕೆ ಒಯ್ದು ಮೆಲ್ಲಗೆ ತಟ್ಟಿ, ಬ್ರಷ್ಷಿನಿಂದ ಉದುರಿಸಿ. ಇರುವೆ ಸ್ಪ್ರೇಯನ್ನು ಕೀಬೋರ್ಡಿಗೋ ಪೋರ್ಟಿಗೋ ಹೊಡೆಯಬೇಡಿ. ಅದು ಪ್ಲಾಸ್ಟಿಕ್ ತಿನ್ನುತ್ತದೆ, ಬೆಂಕಿ ಹೊತ್ತಿಕೊಳ್ಳುವ ವಸ್ತುವೂ ಹೌದು.

ಹಂತ 7: ವೈರ್‌ಲೆಸ್ ಆದರೆ

ಮೊದಲು ಸೆಲ್. ಹೊಸ ಆಲ್ಕಲೈನ್ ಸೆಲ್ 1.5 ವೋಲ್ಟ್ ಕೊಡುತ್ತದೆ. ಗಡಿಯಾರದಿಂದ ತೆಗೆದ ಹಳೆಯ ಸೆಲ್ ಹಾಕಿ ಪರೀಕ್ಷೆ ಮಾಡಬೇಡಿ. ಸೆಲ್ ಕೂರುವ ಜಾಗದಲ್ಲಿ ಬಿಳಿ ಪುಡಿ ಇದ್ದರೆ ಸೆಲ್ ಸೋರಿದೆ. ಹತ್ತಿಕಡ್ಡಿಗೆ ಒಂದು ಹನಿ ವಿನೆಗರ್ ಅಥವಾ ನಿಂಬೆರಸ ತಾಗಿಸಿ ಒರೆಸಿ, ಆಮೇಲೆ ಆಲ್ಕೋಹಾಲಿನಿಂದ ಒರೆಸಿ ಒಣಗಿಸಿ.

ಅಕ್ಷರ ಬಿಟ್ಟು ಬಿಟ್ಟು ಬರುತ್ತಿದ್ದರೆ ಡಾಂಗಲ್ ಎಲ್ಲಿದೆ ನೋಡಿ. ನೀಲಿ ಬಣ್ಣದ ಯುಎಸ್‌ಬಿ 3.0 ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ಓಡುವಾಗ ಅದರಿಂದ 2.4 ಗಿಗಾಹರ್ಟ್ಸ್ ಸುತ್ತಮುತ್ತ ಕಿವಿಗೆ ಕೇಳದ ರೇಡಿಯೋ ಸದ್ದು ಹೊರಡುತ್ತದೆ. ವೈರ್‌ಲೆಸ್ ಕೀಬೋರ್ಡ್ ಮಾತಾಡುವುದೂ ಅದೇ ತರಂಗದಲ್ಲಿ. ಡಾಂಗಲನ್ನು ಮುಂದಿನ ಕಪ್ಪು ಪೋರ್ಟಿಗೆ ಹಾಕಿ, ಅಥವಾ ಒಂದು ಗಿಡ್ಡ ಎಕ್ಸ್‌ಟೆನ್ಶನ್ ಹಾಕಿ ಮೇಜಿನ ಮೇಲೆ ತನ್ನಿ. ನೇರ ಪೋರ್ಟಿಗೇ ಹಾಕಿ ಅಂತ ಮೂರನೇ ಹಂತದಲ್ಲಿ ಹೇಳಿದ್ದಕ್ಕೆ ಇದೊಂದೇ ವಿನಾಯಿತಿ.

ಹಂತ 8: ಪ್ರಿಂಟರ್, ಮೌಸ್, ಹೆಡ್‌ಫೋನ್

ಪ್ರಿಂಟರಿಗೆ ಪೋರ್ಟ್ ಬದಲಿಸಬೇಡಿ. ಬೇರೆ ಪೋರ್ಟಿಗೆ ಹಾಕಿದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂದುಕೊಂಡು ಹೆಸರಿನ ಕೊನೆಗೆ ಕಾಪಿ 1 ಅಂತ ಸೇರಿಸುತ್ತದೆ. ನೀವು ಹಳೆಯ ಹೆಸರಿಗೇ ಪ್ರಿಂಟ್ ಕೊಡುತ್ತೀರಿ, ಅದು ಆಫ್‌ಲೈನ್ ಅನ್ನುತ್ತದೆ. ಯಾವ ಪೋರ್ಟ್ ಅಂತ ಒಂದು ಚೀಟಿ ಅಂಟಿಸಿಡಿ. ಪ್ರಿಂಟ್ ಸಾಲಿನಲ್ಲೇ ಸಿಕ್ಕಿಕೊಂಡರೆ ವಿಂಡೋಸಿನ ಸರ್ವಿಸಸ್ ಪಟ್ಟಿ ತೆರೆದು, ಪ್ರಿಂಟುಗಳನ್ನು ಸಾಲಿನಲ್ಲಿ ನಿಲ್ಲಿಸುವ ಪ್ರಿಂಟ್ ಸ್ಪೂಲರ್ ಅನ್ನುವುದನ್ನು ರೀಸ್ಟಾರ್ಟ್ ಮಾಡಿ. ಹತ್ತು ಸಲ ಪ್ರಿಂಟ್ ಒತ್ತಬೇಡಿ, ಸರಿಹೋದ ಮೇಲೆ ಹತ್ತೂ ಒಟ್ಟಿಗೆ ಬರುತ್ತವೆ.

ಮಳೆಗಾಲದಲ್ಲಿ ಕಾಗದ ಸಿಕ್ಕಿಕೊಂಡರೆ ಪ್ರಿಂಟರನ್ನು ಬಿಚ್ಚುವ ಮೊದಲು ಕಾಗದವನ್ನು ಮುಟ್ಟಿ ನೋಡಿ. ತೇವ ಹೀರಿ ಮೆತ್ತಗಾದ ಹಾಳೆ ಸುರುಟಿಕೊಳ್ಳುತ್ತದೆ, ಎರಡೆರಡು ಒಟ್ಟಿಗೆ ಹೋಗುತ್ತವೆ. ಹತ್ತು ಹಾಳೆ ಮಾತ್ರ ಟ್ರೇಯಲ್ಲಿಡಿ, ಉಳಿದದ್ದು ಪ್ಲಾಸ್ಟಿಕ್ ಕವರಿನಲ್ಲೇ ಇರಲಿ.

ಮೌಸಿನ ಕರ್ಸರ್ ಎಗರಿದರೆ ಹೊಟ್ಟೆಯ ಕೆಳಗಿನ ಕಿಂಡಿ ಒರೆಸಿ, ಗಾಜಿನ ಮೇಜಾದರೆ ಒಂದು ಹಾಳೆ ಹಾಸಿ.

ಮೊಬೈಲಿನ ಮೈಕ್ ಇರುವ ಹೆಡ್‌ಫೋನನ್ನು ಡೆಸ್ಕ್‌ಟಾಪಿನ ಹಸಿರು ರಂಧ್ರಕ್ಕೆ ಹಾಕಿದರೆ ಶಬ್ದ ಬರುತ್ತದೆ, ಮೈಕ್ ಓಡುವುದಿಲ್ಲ. ಪಿನ್ನಿನಲ್ಲಿ ಮೂರು ಕಪ್ಪು ಉಂಗುರ ಇದ್ದರೆ ಅದಕ್ಕೆ ಎರಡು ಬಾಲದ ಸ್ಪ್ಲಿಟರ್ ಬೇಕು: ಒಂದು ಹಸಿರಿಗೆ, ಒಂದು ಮೈಕಿನ ಗುಲಾಬಿಗೆ. ಆನ್‌ಲೈನ್ ಪಾಠದ ದಿನಗಳಲ್ಲಿ ಎಷ್ಟು ಮಕ್ಕಳು "ಮೇಡಂ, ಕೇಳಿಸ್ತಿದೆಯಾ" ಅಂತ ಕೂಗಿ ಸೋತರೋ, ಈ ಒಂದು ಸ್ಪ್ಲಿಟರ್ ಇದ್ದಿದ್ದರೆ ಆಗುತ್ತಿತ್ತು ಅಂತ ನನಗೆ ಈಗಲೂ ಬೇಜಾರಾಗುತ್ತದೆ.

ಹಂತ 9: ಗುಡುಗು ಮತ್ತು ಕರೆಂಟು

ಏಪ್ರಿಲ್, ಮೇ ತಿಂಗಳ ಸಂಜೆಯ ಗುಡುಗು ಮಳೆ ಆಗಸ್ಟಿನ ಜಡಿಮಳೆಗಿಂತ ಅಪಾಯ. ಗುಡುಗು ದೂರದಲ್ಲಿ ಕೇಳಿದಾಗಲೇ ಗೋಡೆಯ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಇಂಟರ್ನೆಟ್ಟಿನ ಲ್ಯಾನ್ ಕೇಬಲ್ಲನ್ನೂ ಕೀಳಿ, ಎಷ್ಟೋ ಕಂಪ್ಯೂಟರ್ ಸುಟ್ಟದ್ದು ಆ ದಾರಿಯಿಂದ. ಪ್ರಿಂಟರಿಗೆ ಬೇರೆ ಪ್ಲಗ್ ಇರುತ್ತದೆ, ಅದನ್ನು ಮರೆತರೆ ಅಲ್ಲಿಂದ ಬಂದ ಏಟು ಯುಎಸ್‌ಬಿ ಕೇಬಲ್ ಹಿಡಿದು ಕಂಪ್ಯೂಟರಿಗೂ ಮುಟ್ಟುತ್ತದೆ. ಗುಡುಗು ತಲೆಮೇಲೇ ಬಂದಿದ್ದರೆ ಮಾತ್ರ ಯಾವ ವೈರನ್ನೂ ಮುಟ್ಟಲು ಹೋಗಬೇಡಿ.

ಸಣ್ಣ ಯುಪಿಎಸ್‌ಗೆ ಲೇಸರ್ ಪ್ರಿಂಟರ್ ಹಾಕಬೇಡಿ. ಒಳಗಿನ ರೋಲರ್ ಬಿಸಿಯಾಗಲು ಅದು ಒಮ್ಮೆಲೇ ತುಂಬ ಕರೆಂಟ್ ಎಳೆಯುತ್ತದೆ, ಯುಪಿಎಸ್ ಕೂಗಿ ಆಫ್ ಆಗುತ್ತದೆ, ಜತೆಗೆ ಕಂಪ್ಯೂಟರೂ ಹೋಗುತ್ತದೆ.

ಇಷ್ಟೆಲ್ಲ ಮಾಡಿ ಕೀಬೋರ್ಡ್ ಸತ್ತಿದ್ದು ಖಾತ್ರಿ ಆದರೆ ಹೊಸದು ತನ್ನಿ. ಅಂಗಡಿಗೆ ಹೋಗುವಾಗ ಒಟಿಜಿ ಅಡಾಪ್ಟರ್ ಕಿಸೆಯಲ್ಲಿರಲಿ. ಕೌಂಟರಿನಲ್ಲೇ ಫೋನಿಗೆ ಹಾಕಿ, ಒಂದೊಂದು ಕೀಯನ್ನೂ ಒತ್ತಿ ನೋಡಿ, ಆಮೇಲೆ ದುಡ್ಡು ಕೊಟ್ಟು ಬಸ್ಸು ಹತ್ತಿ.